ಟೈನ್ ನದಿ ಬಿಟ್ಟುಕೊಟ್ಟ ಸೇತುವೆ

1771ರ ನವೆಂಬರ್ 16ರ ರಾತ್ರಿ ಉತ್ತರ ಇಂಗ್ಲೆಂಡಿನ ಟೈನ್ ನದಿಗೆ ಹಿಂದೆಂದೂ ಕಾಣದಂಥ ಪ್ರವಾಹ ಬಂತು. ಬೆಳಗಾಗುವಷ್ಟರಲ್ಲಿ ನ್ಯೂಕ್ಯಾಸಲ್ ಪಟ್ಟಣದ ಹಳೆಯ ಸೇತುವೆಯ ಕಮಾನುಗಳು ಮೇಲಿದ್ದ ಮನೆ, ಅಂಗಡಿಗಳ ಸಮೇತ ಕುಸಿದಿದ್ದವು. ಹೆಕ್ಸಮ್ ಎಂಬಲ್ಲಿ ಹಿಂದಿನ ವರ್ಷವಷ್ಟೇ ಮುಗಿದಿದ್ದ ಹೊಸ ಸೇತುವೆ ಹೇಳಹೆಸರಿಲ್ಲದೆ ಹೋಗಿತ್ತು. ಟೈನ್ ನದಿಯ ಮೇಲೆ ಆ ರಾತ್ರಿಯನ್ನು ದಾಟಿ ಉಳಿದದ್ದು ಕಾರ್‌ಬ್ರಿಜ್ ಎಂಬ ಹಳ್ಳಿಯ ಸೇತುವೆ ಮಾತ್ರ.

1674ರಲ್ಲಿ ಕಟ್ಟಿದ ಏಳು ಕಮಾನುಗಳ ಈ ಕಲ್ಲುಸೇತುವೆಯ ತಡೆಗೋಡೆಯಿಂದ ಬಾಗಿ ಅಂದು ಪ್ರವಾಹದ ನೀರಿನಲ್ಲಿ ಕೈ ತೊಳೆಯಬಹುದಾಗಿತ್ತು ಎಂಬ ಮಾತು ಆ ಸೀಮೆಯಲ್ಲಿ ಉಳಿದುಬಂದಿದೆ. ಅದರಲ್ಲಿ ಒಂದಿಷ್ಟು ಉತ್ಪ್ರೇಕ್ಷೆ ಇದ್ದೀತು. ಸೇತುವೆಯಂತೂ ನಿಂತಿತು. 1881ರಲ್ಲಿ ಅದನ್ನು ಅಗಲ ಮಾಡಿದರು. ಇಂದಿಗೂ ಅದರ ಮೇಲೆ ವಾಹನಗಳು ಓಡಾಡುತ್ತಿವೆ.

ಇಲ್ಲಿ ನದಿ ದಾಟುವ ಪರಿಪಾಠ ಮಾತ್ರ ಅದಕ್ಕಿಂತ ಬಹಳ ಹಳೆಯದು. ಯಾರ್ಕ್‌ನಿಂದ ಸ್ಕಾಟ್ಲೆಂಡಿನ ಕಡೆಗೆ ಸಾಗುತ್ತಿದ್ದ ರೋಮನ್ ಸೈನ್ಯದ ಹೆದ್ದಾರಿ ಟೈನ್ ನದಿಯನ್ನು ದಾಟುತ್ತಿದ್ದುದು ಇಂದಿನ ಹಳ್ಳಿಯಿಂದ ಸುಮಾರು ಅರ್ಧ ಮೈಲಿ ಪಶ್ಚಿಮಕ್ಕೆ. ಅಲ್ಲಿ ಕೋಟೆಗಳಾದವು, ಬಳಿಕ ಕಣಜ, ಕಮ್ಮಾರಸಾಲೆ, ಗುಡಿಗಳಿದ್ದ ಪಟ್ಟಣವಾಯಿತು. ಸಿರಿಯಾ ದೇಶದ ಪಾಲ್ಮೈರಾದಿಂದ ಬಂದು ಇಲ್ಲಿ 68ನೆಯ ವಯಸ್ಸಿನಲ್ಲಿ ತೀರಿಕೊಂಡ ಬರಾಥೆಸ್ ಎಂಬವನ ಗೋರಿಗಲ್ಲೂ ಸಿಕ್ಕಿದೆ. ಮರುಭೂಮಿಯ ಮನುಷ್ಯನಿಗೆ ಈ ಮಳೆ, ಚಳಿಯ ಸೀಮೆ ಹೇಗೆ ಕಂಡಿತೋ!

ಐದನೆಯ ಶತಮಾನದ ಆರಂಭದಲ್ಲಿ ರೋಮನ್ ಆಳ್ವಿಕೆ ಕೊನೆಗೊಂಡ ಮೇಲೆ ಸೇತುವೆಯನ್ನು ನೋಡಿಕೊಳ್ಳುವವರು ಉಳಿಯಲಿಲ್ಲ. ಪಟ್ಟಣವೇ ಕಲ್ಲಿನ ಗಣಿಯಾಯಿತು. ಕಾರ್‌ಬ್ರಿಜ್ ಚರ್ಚಿನ ಗೋಪುರದೊಳಗಿನ ಕಮಾನು, ಪಾದ್ರಿಯ ರಕ್ಷಣೆಗೆಂದು ಕಟ್ಟಿದ ಕೊತ್ತಳ ಮನೆ, ಎಲ್ಲವೂ ರೋಮನ್ ಕಲ್ಲಿನವೇ. ಸುಮಾರು 674ರಲ್ಲಿ ವಿಲ್‌ಫ್ರಿಡ್ ಎಂಬ ಬಿಷಪ್ ಹೆಕ್ಸಮ್‌ನಲ್ಲಿ ಕಟ್ಟಿಸಿದ ಚರ್ಚಿನ ನೆಲಮಾಳಿಗೆಗೂ ಇಂಥವೇ ಕಲ್ಲುಗಳು ಹೋದವು. ಅಲ್ಲಿನ ಒಂದು ಶಾಸನದಲ್ಲಿ ಗೇಟಾ ಎಂಬ ರಾಜಕುಮಾರನ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಲಾಗಿದೆ. 211ರಲ್ಲಿ ಅವನನ್ನು ಕೊಲ್ಲಿಸಿದ ಅಣ್ಣ ಕರಾಕಲ್ಲಾ, ತಮ್ಮನ ಹೆಸರನ್ನು ಸಾಮ್ರಾಜ್ಯದ ಉದ್ದಗಲಕ್ಕೂ ತೆಗೆಸಿಹಾಕಿದ್ದ. ರೋಮ್‌ನ ಅರಮನೆಯ ದಾಯಾದಿ ಜಗಳ ಈ ಮೂಲೆಯ ಕಲ್ಲನ್ನೂ ಬಿಡಲಿಲ್ಲ.

1201ರಲ್ಲಿ ದೊರೆ ಜಾನ್ ನಿಧಿಯ ಆಸೆಯಿಂದ ಇಲ್ಲಿ ಅಗೆಸಿದ. ಲೋಹದ ಗುರುತುಗಳಿದ್ದ ಕಲ್ಲುಗಳಷ್ಟೇ ಸಿಕ್ಕವು. ನಿಧಿ ಇರಲಿಲ್ಲವೆಂದಲ್ಲ. 1735ರಲ್ಲಿ ನದಿದಂಡೆಯಲ್ಲಿ ಹುಡುಗಿಯೊಬ್ಬಳ ಕೈಗೆ ರೋಮನ್ ದೇವತೆಗಳ ಚಿತ್ರವಿರುವ ಬೆಳ್ಳಿಯ ಹರಿವಾಣ ಸಿಕ್ಕಿತು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1911ರ ಉತ್ಖನನದಲ್ಲಿ ಕಂಚಿನ ಹೂಜಿಯೊಂದರಲ್ಲಿ 160 ಚಿನ್ನದ ನಾಣ್ಯಗಳು ದೊರೆತವು.

ನದಿಯೊಡನೆ ಹೋರಾಡಿ ಸೋತವರಲ್ಲಿ ದೊಡ್ಡ ಹೆಸರು ಜಾನ್ ಸ್ಮೀಟನ್. ಸಮುದ್ರದ ನಡುವಿನ ಬಂಡೆಯ ಮೇಲೆ ಎಡಿಸ್ಟೋನ್ ದೀಪಸ್ತಂಭವನ್ನು 1759ರಲ್ಲಿ ನಿಲ್ಲಿಸಿ ಗೆದ್ದ ಎಂಜಿನಿಯರ್ ಈತ. ಹೆಕ್ಸಮ್‌ನಲ್ಲಿ ಅವನು ಕಟ್ಟಿದ ಸೇತುವೆ 1780ರಲ್ಲಿ ಮುಗಿಯಿತು. 1782ರ ಮಾರ್ಚ್ ತಿಂಗಳ ಪ್ರವಾಹದಲ್ಲಿ ಬಿತ್ತು. ಕಟ್ಟಡ ಗಟ್ಟಿಯಾಗಿಯೇ ಇತ್ತು, ದೋಷವಿದ್ದದ್ದು ಬುಡದಲ್ಲಿ. ಕಂಬಗಳು ನಿಂತಿದ್ದ ಮರಳು, ಜಲ್ಲಿಯ ಪದರವನ್ನೇ ಸೆಳವು ಕೆಳಗಿನಿಂದ ಕೊರೆದು ಒಯ್ದಿತ್ತು. ಬಂಡೆ ಅವನ ಕೈಹಿಡಿಯಿತು, ಜಲ್ಲಿ ಕೈಕೊಟ್ಟಿತು. ಬಹುಮಟ್ಟಿಗೆ ಅದೇ ವಿನ್ಯಾಸದಲ್ಲಿ ರಾಬರ್ಟ್ ಮಿಲ್ನ್ 1793ರಲ್ಲಿ ಮುಗಿಸಿದ ಸೇತುವೆ ಈಗಲೂ ಇದೆ.

ರೋಮನ್ ಸೇತುವೆಯ ಅಳಿದುಳಿದ ಭಾಗವನ್ನೂ ನದಿ ಸುಮ್ಮನೆ ಬಿಟ್ಟಿರಲಿಲ್ಲ. ಅದು ದಕ್ಷಿಣದ ದಂಡೆಯನ್ನು ಕೊರೆಯುತ್ತಾ ಬಂದು, ಸೇತುವೆಗೆ ಹತ್ತುವ ಇಳಿಜಾರು ದಾರಿಯ ಭಾರಿ ಕಲ್ಲುಗಳನ್ನು ಮುಟ್ಟಿತ್ತು. 2004ರಲ್ಲಿ ಪುರಾತತ್ವಜ್ಞರು ಅಲ್ಲಿ ಉತ್ಖನನ ನಡೆಸಿ, ಕಲ್ಲುಗಳನ್ನು ಮೇಲೆತ್ತಿ, ನೀರಿನಿಂದ ದೂರಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. 2015ರ ಡಿಸೆಂಬರ್‌ನಲ್ಲಿ ಟೈನ್ ಇನ್ನೊಮ್ಮೆ ಉಕ್ಕಿ ಕಾರ್‌ಬ್ರಿಜ್‌ನ ಮನೆಗಳಿಗೆ ನುಗ್ಗಿತು. 1674ರ ಸೇತುವೆ ಆಗಲೂ ಜಗ್ಗಲಿಲ್ಲ.