ಎನ್‌ಎಡಿ 3020

ಎನ್‌ಎಡಿ 3020 ಮನೆಯಲ್ಲಿ ಸಂಗೀತವನ್ನು ಆಲಿಸುವುದಕ್ಕಾಗಿ ತಯಾರಾದ ಒಂದು ಸ್ಟೀರಿಯೊ ಆಂಪ್ಲಿಫೈಯರ್. 1972ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಗೊಂಡ ಎನ್‌ಎಡಿ ಸಂಸ್ಥೆಯು ಇದನ್ನು 1978ರಲ್ಲಿ ಮಾರುಕಟ್ಟೆಗೆ ತಂದಿತು. ನಾರ್ವೆಯ ಎಂಜಿನಿಯರ್ ಬ್ಯೋರ್ನ್ ಎರಿಕ್ ಎಡ್ವರ್ಡ್‌ಸನ್ ಇದರ ವಿನ್ಯಾಸಕಾರರು. ಕಡಿಮೆ ಬೆಲೆಯ ಈ ಯಂತ್ರವು ಹೈ-ಫೈ ಇತಿಹಾಸದಲ್ಲಿ ಅತಿ ಹೆಚ್ಚು ಮಾರಾಟವಾದ ಆಂಪ್ಲಿಫೈಯರ್‌ಗಳಲ್ಲಿ ಒಂದೆನಿಸಿದೆ.

ಹಿನ್ನೆಲೆ

1970ರ ದಶಕದಲ್ಲಿ ಆಂಪ್ಲಿಫೈಯರ್‌ಗಳನ್ನು ಬಹುಮಟ್ಟಿಗೆ ವಾಟ್‌ಗಳ ಲೆಕ್ಕದಲ್ಲಿ ಮಾರಲಾಗುತ್ತಿತ್ತು. ಪ್ರಯೋಗಾಲಯದಲ್ಲಿ ಈ ಅಂಕಿಯನ್ನು ಸಾಮಾನ್ಯವಾಗಿ 8 ಓಮ್‌ಗಳ ರೋಧಕವೊಂದನ್ನು ಜೋಡಿಸಿ ಅಳೆಯುತ್ತಾರೆ. ಆದರೆ ಸ್ಪೀಕರ್ ಎಂಬುದು ರೋಧಕದಂತೆ ಸ್ಥಿರವಲ್ಲ. 8 ಓಮ್ ಎಂದು ನಮೂದಿಸಿದ ಸ್ಪೀಕರ್‌ನ ಪ್ರತಿಬಾಧೆಯು ಕೆಲವು ಆವರ್ತನಗಳಲ್ಲಿ 4 ಓಮ್‌ಗೂ ಇಳಿಯಬಹುದು. ಆಗ ಅದು ಎರಡು ಪಟ್ಟು ವಿದ್ಯುತ್ ಪ್ರವಾಹವನ್ನು ಬೇಡುತ್ತದೆ. ಅದನ್ನು ಒದಗಿಸಲಾರದ ಆಂಪ್ಲಿಫೈಯರ್, ಕಾಗದದ ಮೇಲೆ ಎಷ್ಟೇ ಬಲಶಾಲಿಯಾಗಿದ್ದರೂ, ಮೃದಂಗದ ಒಂದು ಪೆಟ್ಟಿಗೇ ಕರ್ಕಶವಾಗಿಬಿಡುತ್ತದೆ.

ವಿನ್ಯಾಸ

3020ರ ಘೋಷಿತ ಸಾಮರ್ಥ್ಯ ಪ್ರತಿ ಚಾನೆಲ್‌ಗೆ ಕೇವಲ 20 ವಾಟ್. ಆದರೆ ಸಂಗೀತದ ಕ್ಷಣಿಕ ಏರಿಕೆಗಳಲ್ಲಿ ಅದು ಸುಮಾರು 40 ವಾಟ್‌ಗಳವರೆಗೆ ನೀಡಬಲ್ಲುದು. ಪ್ರತಿಬಾಧೆ ಕಡಿಮೆಯಾದಾಗ ಇನ್ನೂ ಹೆಚ್ಚು. ಶಕ್ತಿಯು ಇಮ್ಮಡಿಯಾದಾಗ ಶಬ್ದದ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ 20 ವಾಟ್‌ಗೂ 30 ವಾಟ್‌ಗೂ ಇರುವ ಅಂತರ ಕೊಳ್ಳುವವರು ಊಹಿಸುವಷ್ಟು ದೊಡ್ಡದಲ್ಲ. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬೆಲ್ ನೀಡುವ ಸ್ಪೀಕರ್ ಇದ್ದಲ್ಲಿ, 20 ವಾಟ್‌ಗಳಲ್ಲೇ 103 ಡೆಸಿಬೆಲ್ ದೊರೆಯುತ್ತದೆ. ಸಾಧಾರಣ ಕೋಣೆಗೆ ಇದು ಬೇಕಾದಷ್ಟಾಯಿತು.

ಮಿತಿಯನ್ನು ಮೀರಿದಾಗ ಧ್ವನಿತರಂಗದ ತುದಿ ಥಟ್ಟನೆ ಕತ್ತರಿಸಿಹೋಗದಂತೆ ಅದನ್ನು ಮೆಲ್ಲಗೆ ದುಂಡಾಗಿಸುವ 'ಸಾಫ್ಟ್ ಕ್ಲಿಪಿಂಗ್' ಸೌಲಭ್ಯವೂ ಇದರಲ್ಲಿತ್ತು. ಗ್ರಾಮಫೋನ್ ತಟ್ಟೆಗಳಿಗೆ ಒದಗಿಸಿದ್ದ ಫೋನೋ ವಿಭಾಗವು ಇದೇ ಬೆಲೆಯ ಇತರ ಯಂತ್ರಗಳಿಗಿಂತ ಉತ್ತಮವೆಂದು ಹೆಸರಾಯಿತು.

ಹೊರರೂಪಕ್ಕೆ ಹೆಚ್ಚು ಹಣ ವ್ಯಯಿಸಿರಲಿಲ್ಲ. ಬೂದುಬಣ್ಣದ ಮುಖಫಲಕ ನೋಡಲು ಸಾಮಾನ್ಯವೇ ಸರಿ.

ಹಳೆಯ ಯಂತ್ರಗಳು

ಇಂದು ಇವು ಬಳಸಿದ ಸ್ಥಿತಿಯಲ್ಲಿ ಮಾತ್ರ ದೊರೆಯುತ್ತವೆ. ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಸಾಮಾನ್ಯವಾಗಿ ಸ್ವಚ್ಛಗೊಳಿಸುವುದರಿಂದ ಸರಿಹೋಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿದ್ದರೆ ಬದಲಿಸಬೇಕಾಗುತ್ತದೆ. ಹಿಂಬದಿಯಲ್ಲಿ ಪ್ರೀಆಂಪ್ಲಿಫೈಯರ್ ಮತ್ತು ಪವರ್ ಆಂಪ್ಲಿಫೈಯರ್ ಭಾಗಗಳನ್ನು ಕೂಡಿಸುವ ಲೋಹದ ಕೊಂಡಿಗಳಿವೆ. ಅವು ಕಳೆದುಹೋಗಿದ್ದರೆ ಸುಸ್ಥಿತಿಯಲ್ಲಿರುವ ಯಂತ್ರವೂ ಮೌನವಾಗಿರುತ್ತದೆ, ಕೆಟ್ಟಿದೆಯೆಂಬ ತಪ್ಪು ಭಾವನೆಗೆ ಎಡೆಯಾಗುತ್ತದೆ. 2013ರಲ್ಲಿ ಸಂಸ್ಥೆಯು ಇದೇ ಹೆಸರನ್ನು ನೆನಪಿಸುವ ಡಿ 3020 ಎಂಬ ಡಿಜಿಟಲ್ ಮಾದರಿಯನ್ನು ಹೊರತಂದಿತು.