ಕುದುರೆಯ ಹಲ್ಲು ಹೇಳಿದ ಚರಿತ್ರೆ

ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವುದು ನಮ್ಮ ವಾಡಿಕೆ. ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂಬ ಮಾತುಗಳಲ್ಲಿ ವಯಸ್ಸೂ ಬೆಲೆಯೂ ಅಡಗಿವೆ, ನೋವಿನ ಸುದ್ದಿಯಿಲ್ಲ. ಕುದುರೆ ಕೊಳ್ಳುವವನು ಮೊದಲು ಹಲ್ಲು ನೋಡಿ ವಯಸ್ಸು ತಿಳಿಯಬೇಕೆಂದು ಗ್ರೀಸಿನ ಕ್ಸೆನೊಫಾನನೂ ಕ್ರಿ.ಪೂ. 4ನೆಯ ಶತಮಾನದಲ್ಲಿ ಬರೆದಿದ್ದಾನೆ.

ಹಾಗಾದರೆ ಪ್ರಾಣಿಯ ನೋವಿಗಾಗಿ ಮನುಷ್ಯ ಅದರ ಬಾಯಿ ನೋಡಿದ್ದು ಯಾವಾಗ? ಈ ಪ್ರಶ್ನೆಗೆ ಮಂಗೋಲಿಯದ ಹುಲ್ಲುಗಾವಲಿನಲ್ಲಿ ಒಂದು ಉತ್ತರ ದೊರೆತಿದೆ. ಅಲ್ಲಿ ಹೂಳಿದ್ದ ಕುದುರೆಗಳ ತಲೆಬುರುಡೆಗಳನ್ನು ಪರೀಕ್ಷಿಸಿದ ವಿಲಿಯಂ ಟೇಲರ್ ಮತ್ತು ಸಂಗಡಿಗರು 2018ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಸುಮಾರು 3,000 ವರ್ಷಗಳ ಹಿಂದೆಯೇ ಅಲ್ಲಿನ ಪಶುಪಾಲಕರು ತೊಂದರೆ ಕೊಡುತ್ತಿದ್ದ ಬಾಚಿಹಲ್ಲನ್ನು ಕೊಯ್ದು ತೆಗೆಯಲು ಯತ್ನಿಸಿದ್ದರೆಂದು ಅವರ ಅಭಿಪ್ರಾಯ. ಮುಂದೆ ಲೋಹದ ಕಡಿವಾಣ ಬಂದಿತು. ದವಡೆಹಲ್ಲುಗಳ ಮುಂದೆ ಮೂಡುವ, ಇಂಗ್ಲಿಷರು ‘ತೋಳನ ಹಲ್ಲು’ ಎನ್ನುವ ಪುಟ್ಟ ಹಲ್ಲಿಗೆ ಅದು ತಗುಲಿದರೆ ಯಾತನೆ. ಜನ ಆ ಹಲ್ಲನ್ನೇ ಕೀಳತೊಡಗಿದರು, ಕಡಿವಾಣವನ್ನು ಬಿಡಲಿಲ್ಲ. ಪಶುವೈದ್ಯದ ಈ ಹಳೆಯ ಹೆಜ್ಜೆಯಲ್ಲಿ ಕರುಣೆಯಷ್ಟೇ ಸ್ವಾರ್ಥವೂ ಇದೆಯೆನ್ನಬೇಕು.

ಕುದುರೆಯ ಹಲ್ಲು ಬಹುಕಾಲ ಮೇಲೇಳುತ್ತ, ಸವೆಯುತ್ತ ಇರುತ್ತದೆ. ಹಲ್ಲುಗಳ ಸಂದಿಯಲ್ಲಿ ಮೇವು ಸಿಕ್ಕಿ ಕೊಳೆತರೆ ವಸಡು ಹುಣ್ಣಾಗಿ, ಹಲ್ಲಿನ ಬುಡವೇ ಸಡಿಲುತ್ತದೆ. ಕುದುರೆ ಅದನ್ನು ಹೇಳಲಾರದು. ಅರ್ಧ ಅಗಿದ ಮೇವನ್ನು ಉಂಡೆಯಾಗಿ ಉಗುಳುತ್ತದೆ. ಜೀವಮಾನವೆಲ್ಲ ಭಾಷೆಯನ್ನೇ ಬೋಧಿಸಿದ ನನಗೆ ಆ ಉಂಡೆಯೂ ಒಂದು ಮಾತೆಂದೇ ತೋರುತ್ತದೆ. ಬೆಲೆ ಕಟ್ಟುವ ಕಣ್ಣಿಗೆ ಅದು ಕಾಣುವುದಿಲ್ಲ.