ನಳಿಕೆಯನ್ನು ತಿನ್ನುವುದು ಗುಂಡಲ್ಲ, ಬೆಂಕಿ

ಗಗನ್ ನಾರಂಗ್ ಹುಟ್ಟಿದ್ದು 1983ರಲ್ಲಿ, ಚೆನ್ನೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅವರು 701.1 ಅಂಕ ಗಳಿಸಿ ಕಂಚು ಗೆದ್ದರು. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಇಷ್ಟು ನಿಖರವಾದ ಏರ್ ರೈಫಲ್‌ನ ನಳಿಕೆ ವರ್ಷಗಟ್ಟಲೆ ಬಾಳುತ್ತದೆ. ಅದರೊಳಗೆ ಮದ್ದು ಉರಿಯುವುದಿಲ್ಲ. ಒತ್ತಿಟ್ಟ ಗಾಳಿ ಮೆತ್ತನೆಯ ಸೀಸದ ಗುಂಡನ್ನು ತಳ್ಳುತ್ತದೆ, ಅಷ್ಟೆ.

ಬೆಂಕಿ ನಳಿಕೆಯನ್ನು ಹೇಗೆ ತಿನ್ನುತ್ತದೆ ಎಂಬ ಪಾಠ ಸಿಕ್ಕಿದ್ದು 19ನೇ ಶತಮಾನದ ಕೊನೆಯಲ್ಲಿ. ವಿಲಿಯಂ ಮೆಟ್‌ಫೋರ್ಡ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ರೈಫಲ್‌ಗಳು ಗುರಿಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದವು. ಕಪ್ಪು ಮದ್ದಿನ ಮಸಿ ಕಟ್ಟಿಕೊಳ್ಳದಿರಲೆಂದು ಆತ ನಳಿಕೆಯೊಳಗಿನ ಸುರುಳಿ ಗೀರುಗಳನ್ನು ಆಳವಿಲ್ಲದೆ, ಅಂಚು ದುಂಡಗಾಗಿ ಕೊರೆಸಿದ್ದ. 1888ರಲ್ಲಿ ಬ್ರಿಟಿಷ್ ಸೇನೆ ಅದೇ ಬಗೆಯ ನಳಿಕೆಯ ಲೀ-ಮೆಟ್‌ಫೋರ್ಡ್ ರೈಫಲನ್ನು ಒಪ್ಪಿಕೊಂಡಿತು. ಮೂರೇ ವರ್ಷಗಳಲ್ಲಿ ಹೊಗೆ ಕಡಿಮೆಯಿರುವ ಕಾರ್ಡೈಟ್ ಮದ್ದು ಬಂತು. ಮಸಿಯ ಕಾಟ ತಗ್ಗಿತು, ಆದರೆ ಉರಿಯ ಕಾವು ಏರಿತು. ಆಳವಿಲ್ಲದ ಗೀರುಗಳು ಬೇಗ ಸವೆದವು. 1895ರಲ್ಲಿ ಅವುಗಳ ಜಾಗಕ್ಕೆ ಎನ್‌ಫೀಲ್ಡ್‌ನ ಆಳವಾದ ಐದು ಗೀರುಗಳು ಬಂದವು.

ಮೊದಲ ಕಾರ್ಡೈಟ್‌ನಲ್ಲಿ ನೈಟ್ರೋಗ್ಲಿಸರಿನ್ 58%. ಬೋಯರ್ ಯುದ್ಧದಲ್ಲಿ ನಳಿಕೆಗಳು ಹಾಳಾದದ್ದು ಕಂಡ ಮೇಲೆ ಅದನ್ನು 30%ಕ್ಕೆ ಇಳಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೀಲಗಿರಿಯಲ್ಲಿ, ಕೂನೂರಿನ ಬಳಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ತಲೆಯೆತ್ತಿತು. ಆ ಹೆಸರಿನಲ್ಲೇ ಅದು ಇಂದಿಗೂ ಇದೆ.

ಸವೆತ ಶುರುವಾಗುವುದು ನಳಿಕೆಯ ಬಾಯಲ್ಲಲ್ಲ, ಬುಡದಲ್ಲಿ. ಮದ್ದು ಉರಿದಾಗ ಹುಟ್ಟುವ ಅನಿಲದ ಕಾವು ಉಕ್ಕು ಕರಗುವ ಕಾವಿಗಿಂತ ಹೆಚ್ಚು. ಅದು ತಾಗುವುದು ಕ್ಷಣದ ಸಾವಿರದ ಒಂದು ಪಾಲು ಮಾತ್ರ. ಆದರೂ ಪ್ರತಿ ಹೊಡೆತಕ್ಕೂ ಗೀರು ಆರಂಭವಾಗುವಲ್ಲಿ ಉಕ್ಕಿನ ಮೈ ಗಡುಸಾಗಿ, ಬಿರುಕಿಟ್ಟು, ಉದುರುತ್ತದೆ. ಗುಂಡು ಗೀರನ್ನು ಹಿಡಿಯುವ ಮೊದಲೇ ಒಂದಿಷ್ಟು ದೂರ ಜಿಗಿಯಬೇಕಾಗುತ್ತದೆ, ಗುರಿ ಚದುರುತ್ತದೆ. ಹೀಗಾಗಿ ದೂರದ ಗುರಿಗೆ ಹೊಡೆಯುವ ದೊಡ್ಡ ರೈಫಲ್‌ನ ನಳಿಕೆ ಕೆಲವೇ ಸಾವಿರ ಗುಂಡುಗಳಲ್ಲಿ ಸ್ಪರ್ಧೆಗೆ ಒದಗದಂತಾಗುತ್ತದೆ. ಕಡಿಮೆ ಮದ್ದಿನ .22 ರೈಫಲ್‌ನ ನಳಿಕೆ ಹತ್ತಾರು ಸಾವಿರ ಗುಂಡು ತಾಳುತ್ತದೆ.

ಹೊರಗಿನಿಂದ ನೋಡಿದರೆ ಸವೆದ ನಳಿಕೆಯೂ ಹೊಸದರಂತೆಯೇ ಹೊಳೆಯುತ್ತದೆ. ಅಂಕ ಇಳಿದಾಗ ಸ್ಪರ್ಧಿ ಮೊದಲು ಅನುಮಾನಿಸುವುದು ತನ್ನ ಕೈಯನ್ನು, ಉಸಿರನ್ನು. ಅದಕ್ಕೇ ಅನುಭವಿಗಳು ಪ್ರತಿ ಗುಂಡಿನ ಲೆಕ್ಕ ಬರೆದಿಡುತ್ತಾರೆ. ರೈಫಲನ್ನು ಅಲುಗದಂತೆ ಹಿಡಿಕೆಗೆ ಬಿಗಿದು ಹೊಡೆದು ನೋಡುತ್ತಾರೆ. ಆಗಲೂ ಗುಂಡು ಚದುರಿದರೆ ತಪ್ಪು ಮನುಷ್ಯನದಲ್ಲ.